ಹೊಲಿಗೆಯ ಎರಡು ಬದಿಯ ಹೂವು ಕೂಡದಿದ್ದರೆ

ಪ್ರಶ್ನೆ: ಉಜ್ಬೇಕಿಸ್ತಾನ ಪ್ರವಾಸದಲ್ಲಿ ಬುಖಾರಾದಲ್ಲಿ ಸುಜಾನಿ ಎಂಬ ದೊಡ್ಡ ಕಸೂತಿ ಬಟ್ಟೆಯೊಂದನ್ನು ಕೊಂಡೆವು. ಮನೆಗೆ ತಂದು ಬಿಡಿಸಿದರೆ, ನಡುವಿನ ಹೊಲಿಗೆಯ ಎರಡು ಬದಿಯಲ್ಲಿ ಹೂವಿನ ಅರ್ಧಗಳು ಕೂಡುತ್ತಿಲ್ಲ. ಕೆಂಪು ಬಣ್ಣವೂ ಒಂದೇ ಆಗಿಲ್ಲ. ಮೋಸ ಹೋದೆವೇ? ಇದನ್ನು ಹಾಲ್‌ನ ಗೋಡೆಗೆ ಹಾಕುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ನೀವು ದೋಷ ಎಂದುಕೊಂಡಿರುವುದೇ ನನಗೆ ಆ ಬಟ್ಟೆಯಲ್ಲಿ ಮೊದಲು ಇಷ್ಟವಾಗುವ ಸಂಗತಿ. ಪರ್ಷಿಯನ್ ಭಾಷೆಯಲ್ಲಿ 'ಸೂಜನ್' ಎಂದರೆ ಸೂಜಿ. ಆ ಹೆಸರಿಗೆ ನಮ್ಮವರಿಗೆ ಬೇರೆ ವಿವರಣೆ ಬೇಕಿಲ್ಲ. ಮಗಳ ಮದುವೆಗೆಂದು ಮನೆಯ ಹೆಂಗಸರು ಕಸೂತಿ ಹಾಕುತ್ತಿದ್ದ ಬಟ್ಟೆ ಇದು. ಕೈಮಗ್ಗದ ಬಟ್ಟೆಯ ಅಗಲ ಕಡಿಮೆ. ಹಾಗಾಗಿ ನಾಲ್ಕಾರು ಪಟ್ಟಿಗಳನ್ನು ಸಡಿಲವಾಗಿ ಟಾಕಿ, ಅದರ ಮೇಲೆ ಚಿತ್ತಾರ ಬರೆಸುತ್ತಿದ್ದರು. ಬಳಿಕ ಟಾಕು ಬಿಚ್ಚಿ ಪಟ್ಟಿಗಳನ್ನು ಹಂಚಿಕೊಳ್ಳುತ್ತಿದ್ದರು: ಒಂದು ತಾಯಿಗೆ, ಒಂದು ಚಿಕ್ಕಮ್ಮನಿಗೆ, ಒಂದು ಮದುವಣಗಿತ್ತಿಗೇ. ಒಬ್ಬಳ ಕೈ ಬಿಗಿ, ಇನ್ನೊಬ್ಬಳದು ಸಡಿಲ. ರೇಷ್ಮೆ ನೂಲಿಗೆ ಬಣ್ಣ ಕಟ್ಟಿದ ದಿನಗಳೂ ಬೇರೆ. ಮತ್ತೆ ಜೋಡಿಸಿದಾಗ ದಾಳಿಂಬೆ ಹೂವು ಅರ್ಧ ಬೆರಳು ಸರಿದಿರುತ್ತದೆ.

ಆದರೆ ಇಷ್ಟನ್ನೇ ನಂಬಿ ಕೂರಬೇಡಿ. ಅಂಗಡಿಯವರಿಗೂ ಈ ಕಥೆ ಗೊತ್ತಿದೆ, ಬೇಕೆಂದೇ ಹೂವು ಸರಿಸಿ ಹೊಲಿಯುವುದು ಕಷ್ಟವೂ ಅಲ್ಲ. ಹಿಂಬದಿ ತಿರುಗಿಸಿ ನೋಡಿ. ಅಲ್ಲಲ್ಲಿ ನೂಲಿನ ತುದಿ, ಗಂಟು, ಹೊಲಿಗೆಯ ಉದ್ದದಲ್ಲಿ ಏರುಪೇರು ಇದ್ದರೆ ಕೈಕೆಲಸ ಎನ್ನಬಹುದು. ಮುಂಬದಿಯಲ್ಲಿ ರೇಷ್ಮೆಯ ಅಂಚಿನಾಚೆ ಚಿತ್ತಾರದ ಗೆರೆ ಇಣುಕುತ್ತಿದ್ದರೆ ಇನ್ನೂ ಒಳ್ಳೆಯದು. ನಮ್ಮ ಧಾರವಾಡದ ಕಸೂತಿಯ ಗವಂತಿ ಹೊಲಿಗೆಯಂತೆ ಎರಡು ಬದಿಯೂ ಒಂದೇ ಸಮ ಕಾಣಬೇಕೆಂದು ಮಾತ್ರ ನಿರೀಕ್ಷಿಸಬೇಡಿ. ಇದರ ಲೆಕ್ಕವೇ ಬೇರೆ.

ಇನ್ನು ಗೋಡೆಯ ಮಾತು. ಮೊಳೆ, ಕ್ಲಿಪ್ಪು ಎರಡೂ ಬೇಡ. ಬಟ್ಟೆಯ ಭಾರವೆಲ್ಲ ಆ ನಾಲ್ಕು ತೂತುಗಳ ಮೇಲೆ ಬಿದ್ದು ವರ್ಷದೊಳಗೆ ಹರಿಯುತ್ತದೆ. ಮೇಲಂಚಿನ ಉದ್ದಕ್ಕೂ ಹಿಂಬದಿಗೆ ಅಗಲವಾದ ಹತ್ತಿಯ ಪಟ್ಟಿಯನ್ನು ಕೈಯಿಂದ ಹೊಲಿದು, ಅದರ ಮೇಲೆ ವೆಲ್ಕ್ರೊ ಹಚ್ಚಿ. ವೆಲ್ಕ್ರೊದ ಇನ್ನೊಂದು ಅರ್ಧವನ್ನು ಮರದ ರೀಪಿಗೆ ಅಂಟಿಸಿ, ರೀಪನ್ನು ಗೋಡೆಗೆ ಕೂರಿಸಿ. ರೀಪಿನ ದಪ್ಪದಷ್ಟು ಗಾಳಿಗೂ ದಾರಿಯಾಗುತ್ತದೆ, ಮಳೆಗಾಲದ ತೇವ ಬಟ್ಟೆಗೆ ಇಳಿಯುವುದಿಲ್ಲ. ಕಿಟಕಿಯ ಎದುರು ಗೋಡೆ ಬಿಡಿ, ಪಕ್ಕದ ಗೋಡೆ ಆರಿಸಿ. ಬಿಸಿಲಿಗೆ ರೇಷ್ಮೆ ಬಣ್ಣಗೆಡುವುದಷ್ಟೇ ಅಲ್ಲ, ಪುಡಿಯೂ ಆಗುತ್ತದೆ. ನೀರಿಗೆ ಹಾಕಲೇಬೇಡಿ. ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಹಿಂಬದಿಯ ಕೆಂಪು ನೂಲಿಗೆ ಒತ್ತಿ ನೋಡಿದರೆ ಕಾರಣ ತಿಳಿದೀತು.

ಅದೇ ಕೋಣೆಯಲ್ಲಿ ಹೂವಿನ ಪರದೆ, ಬಣ್ಣದ ಜಮಖಾನೆ ಇದ್ದರೆ ದಯವಿಟ್ಟು ತೆಗೆದುಬಿಡಿ. ಸುಜಾನಿ ಜಂಬದ ಅತಿಥಿ, ಪಕ್ಕದಲ್ಲಿ ಇನ್ನೊಬ್ಬರು ಮಾತಾಡುವುದನ್ನು ಸಹಿಸುವುದಿಲ್ಲ.

ಪ್ರಶ್ನೆ: ಉಜ್ಬೇಕಿಸ್ತಾನದ ಮರ್ಗಿಲಾನ್‌ನ ಅಡ್ರಾಸ್ ಬಟ್ಟೆ ಉಡುಗೊರೆಯಾಗಿ ಬಂದಿದೆ. ಪರದೆ ಹೊಲಿಸಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ, ದಿಂಬಿನ ಹೊದಿಕೆ ಮಾಡಿ. ಅಡ್ರಾಸ್‌ನಲ್ಲಿ ಹಾಸು ರೇಷ್ಮೆಯದು, ಹೊಕ್ಕು ಹತ್ತಿಯದು; ನೇಯುವ ಮೊದಲೇ ಹಾಸುನೂಲನ್ನು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಪೋಚಂಪಲ್ಲಿ ಇಕ್ಕತ್ ಉಟ್ಟವರಿಗೆ ಈ ಪದ್ಧತಿ ಹೊಸದಲ್ಲ. ಬಣ್ಣ ಅಂಚಿನಲ್ಲಿ ಕದಡಿಕೊಳ್ಳುವುದರಿಂದ ಅಲ್ಲಿ ಇದನ್ನು 'ಅಬ್ರ್', ಅಂದರೆ ಮೋಡ ಎನ್ನುತ್ತಾರೆ. ಸಾಂಪ್ರದಾಯಿಕ ಅಗಲ ಸುಮಾರು 40 ಸೆಂ.ಮೀ. ಮಾತ್ರ, ಪರದೆಗೆ ಸಾಲುಸಾಲು ಜೋಡಿಸಿದರೆ ಮೋಡವೆಲ್ಲ ಚೂರಾಗುತ್ತದೆ. ದಿಂಬಿಗಾದರೆ ಅಳತೆ ಮಾಡಿಸಿದಂತೆ ಕೂರುತ್ತದೆ. ಹಿಂಬದಿಗೆ ಸಾದಾ ಖಾದಿ ಹಾಕಿಸಿ, ಖರ್ಚೂ ಉಳಿಯುತ್ತದೆ.

ಪ್ರಶ್ನೆ: ಕಿರ್ಗಿಸ್ತಾನದ ಶಿರ್ದಾಕ್ ಕಂಬಳಿಯನ್ನು ನೆಲಕ್ಕೆ ಹಾಸಬಹುದೇ?
– ಓದುಗರು, ಮಂಗಳೂರು

ಉತ್ತರ: ಬೇಸಗೆಯಲ್ಲಿ ಹಾಸಿ. ಅದು ಕುರಿಯುಣ್ಣೆಯನ್ನು ಒತ್ತಿ ಮಾಡಿದ್ದು. ಒಣಹವೆಯ ಬೆಟ್ಟದ ಮಕ್ಕಳ ಹಾಸಿಗೆ. ಜೂನ್ ಬರುವ ಮೊದಲು ಕೊಡವಿ, ನೆರಳಿನಲ್ಲಿ ಗಾಳಿಗೊಡ್ಡಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸೆಪ್ಟೆಂಬರಿನಲ್ಲಿ ನಿಮಗೆ ಸಿಗುವುದು ಬೂಷ್ಟು.