ಮಾಡ್ಯುಲರ್ ಕಿಚನ್ ಮೇಲಿನ ‘ಅರ್ಧ ಬೆಲೆ’ ನಂಬಬಹುದಾ?

ಮಾಡ್ಯುಲರ್ ಕಿಚನ್ ಶೋರೂಮಿನವರು ನಿಮಗೆ ಭಾನುವಾರದೊಳಗೆ ಬುಕ್ ಮಾಡಿದರೆ ಮಾತ್ರ 50% ರಿಯಾಯಿತಿ ಅಂದಿದ್ದಾರಲ್ಲ, ಹೆಚ್ಚಾಗಿ ಅದು ಮೊದಲೇ ಏರಿಸಿಟ್ಟ ಬೆಲೆಯ ಮೇಲಿನ ಕಡಿತ. ಪ್ರತಿ ಮನೆಯ ಅಡುಗೆಮನೆಗೂ ಬೇರೆ ಅಳತೆ. ಹಾಗಾಗಿ ‘ಮೂಲ ಬೆಲೆ’ ಅಂತ ಎಷ್ಟು ಬೇಕಾದರೂ ಬರೆಯಬಹುದು. ನಿಮ್ಮ ಕೋಟೇಶನ್ ನೋಡದೆ ಇದು ಮೋಸವೇ ಅಂತ ಮಾತ್ರ ಹೇಳಲಾರೆ.

ಮೊದಲು ಶೇಕಡಾ ಲೆಕ್ಕ ಮರೆತುಬಿಡಿ. ಬಿಡಿಬಿಡಿಯಾಗಿ ಬರೆದುಕೊಡಿ ಅನ್ನಿ: ಕ್ಯಾಬಿನೆಟ್ ಬಾಕ್ಸ್‌ಗೆ ಯಾವ ಬೋರ್ಡ್, ಎಷ್ಟು ದಪ್ಪ, ಬಾಗಿಲಿನ ಫಿನಿಶ್ ಯಾವುದು, ಹಿಂಜ್ ಮತ್ತು ಡ್ರಾಯರ್ ಚಾನೆಲ್ ಯಾವ ಕಂಪನಿಯದು, ಯಾವ ಮಾಡೆಲ್. ನನಗೆ ಬಂದ ಕೋಟೇಶನ್‌ನಲ್ಲಿ ರಿಯಾಯಿತಿ ಬರೀ ಕ್ಯಾಬಿನೆಟ್‌ಗೆ ಇತ್ತು. ಕೌಂಟರ್ ಕಲ್ಲು, ಸಿಂಕ್, ಫಿಟ್ಟಿಂಗ್ ಕೂಲಿ, ತೆರಿಗೆ ಎಲ್ಲ ಕೆಳಗೆ ಸಣ್ಣಕ್ಷರದಲ್ಲಿ ಬೇರೆ. ಬಾಯಲ್ಲಿ ಹೇಳಿದ್ದು 18 ಮಿ.ಮೀ. ಪ್ಲೈವುಡ್, ಹಾಳೆಯಲ್ಲಿ ಇದ್ದದ್ದು 16 ಮಿ.ಮೀ. ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರು ಅಂಟಿಸಿ ಒತ್ತಿ ಮಾಡಿದ ಅಗ್ಗದ ಹಲಗೆ!

ಆಮೇಲೆ ಅದೇ ಅಳತೆ, ಅದೇ ಪಟ್ಟಿ ಹಿಡಿದು ಇನ್ನಿಬ್ಬರ ಹತ್ತಿರ ರೇಟ್ ಕೇಳಿ. ಮೊದಲಿನ ಶೋರೂಮಿನವರು ಅಳತೆ ಹಾಕಿದ ಡ್ರಾಯಿಂಗ್ ಕೊಡಲ್ಲ ಅಂದರೆ ಟೇಪ್ ಹಿಡಿದು ನೀವೇ ಅಳೆದುಕೊಳ್ಳಿ. ಮೊದಲಿನವರ ಕೊನೆಯ ಮೊತ್ತ ಈ ಇಬ್ಬರ ರೇಟಿಗಿಂತ ಕಡಿಮೆ ಇದ್ದರೆ ಮಾತ್ರ ಅದು ರಿಯಾಯಿತಿ. ಶೋರೂಮಿನಲ್ಲಿ ಜೋಡಿಸಿಟ್ಟ ಡಿಸ್‌ಪ್ಲೇ ಸೆಟ್ ಮಾರುತ್ತಿದ್ದರೆ ಕಡಿತ ನಿಜವೇ ಇರಬಹುದು. ಆದರೆ ಅದು ನಿಮ್ಮ ಗೋಡೆಗೆ ಹೊಂದಬೇಕಲ್ವಾ?

ಭಾನುವಾರದ ಗಡುವಿಗೆ ಸುಮ್ನೆ ಹೆದರಬೇಡಿ. “ಮುಂದಿನ ವಾರ ಬರ್ತೀನಿ, ಇದೇ ರೇಟ್ ಬರೆದುಕೊಡಿ” ಅಂತ ಕೇಳಿ ನೋಡಿ. ಅಡ್ವಾನ್ಸ್ ಕೊಡುವ ಮೊದಲು, ಬೇಡ ಅಂದರೆ ಅದು ವಾಪಸ್ ಬರುತ್ತದೋ ಇಲ್ಲವೋ ಅನ್ನುವುದನ್ನೂ ಬರೆಸಿಕೊಳ್ಳಿ.