ಅಕ್ಕಿಯೂ ಬೇಕು, ಬೇಳೆಯೂ ಬೇಕು: ಜ್ಯಾಂಗೊದಲ್ಲಿ ಕೇಳುವುದು ಹೇಗೆ?

ಪ್ರಶ್ನೆ: ಜ್ಯಾಂಗೊದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಅಡುಗೆಗಳ ವೆಬ್‌ಸೈಟ್ ಮಾಡುತ್ತಿದ್ದೇನೆ. ಅಡುಗೆಗೂ ಸಾಮಗ್ರಿಗೂ ಮೆನಿ-ಟು-ಮೆನಿ ಸಂಬಂಧ ಇಟ್ಟಿದ್ದೇನೆ, ಅಂದರೆ ಒಂದು ಅಡುಗೆಗೆ ಹಲವು ಸಾಮಗ್ರಿ, ಒಂದು ಸಾಮಗ್ರಿ ಹಲವು ಅಡುಗೆಗೆ. ಅಕ್ಕಿ, ತೊಗರಿಬೇಳೆ ಎರಡೂ ಇರುವ ಅಡುಗೆ ಮಾತ್ರ ಬೇಕು. ಪಟ್ಟಿಯಲ್ಲಿ ಯಾವುದಾದರೂ ಒಂದಿದ್ದರೆ ಸಾಕು ಅನ್ನುವ ‘ಇನ್’ ಹಾಕಿದರೆ ಚಿತ್ರಾನ್ನವೂ ಬರುತ್ತದೆ, ಬಿಸಿಬೇಳೆಬಾತ್ ಎರಡು ಸಲ ಬರುತ್ತದೆ. ಒಂದೇ ಫಿಲ್ಟರ್ ಒಳಗೆ ಎರಡು ಕ್ಯೂ ಆಬ್ಜೆಕ್ಟ್ (ಒಂದೊಂದು ಷರತ್ತನ್ನು ಹಿಡಿದಿಡುವ ವಸ್ತು) ಹಾಕಿ ‘ಅಂಡ್’ ಮಾಡಿದರೆ ಒಂದೂ ಬರುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಮಾಡೆಲ್ (ಟೇಬಲ್ ಹೇಗಿರಬೇಕು ಅಂತ ಹೇಳುವ ಕ್ಲಾಸ್) ಸರಿಯಾಗಿಯೇ ಇದೆ. ಡೇಟಾಬೇಸ್ ಏನನ್ನು ನೋಡುತ್ತಿದೆ ಅನ್ನುವುದು ಕಣ್ಣಿಗೆ ಬಿದ್ದರೆ ಸಾಕು. ನೀವು ಎರಡು ಮಾಡೆಲ್ ಬರೆದಿದ್ದರೂ ಜ್ಯಾಂಗೊ ನಡುವೆ ಮೂರನೇ ಟೇಬಲ್ ಒಂದನ್ನು ಮಾಡಿಕೊಂಡಿರುತ್ತದೆ. ಮೂರನ್ನೂ ಜೋಡಿಸಿದಾಗ ಸಿಗುವ ಸಾಲುಗಳು ಹೀಗಿರುತ್ತವೆ:

ಚಿತ್ರಾನ್ನ – ಅಕ್ಕಿ
ತೊವ್ವೆ – ತೊಗರಿಬೇಳೆ
ಬಿಸಿಬೇಳೆಬಾತ್ – ಅಕ್ಕಿ
ಬಿಸಿಬೇಳೆಬಾತ್ – ತೊಗರಿಬೇಳೆ

ಒಂದು ಫಿಲ್ಟರ್ ಪರೀಕ್ಷೆ ಮಾಡುವುದು ಇಲ್ಲಿನ ಒಂದೊಂದು ಸಾಲನ್ನು, ಇಡೀ ಅಡುಗೆಯನ್ನಲ್ಲ. ‘ಇನ್’ ಕೇಳಿದಾಗ ನಾಲ್ಕೂ ಸಾಲು ಪಾಸಾಗುತ್ತವೆ. ಬಿಸಿಬೇಳೆಬಾತ್‌ಗೆ ಎರಡು ಸಾಲು ಇರುವುದರಿಂದ ಅದು ಎರಡು ಸಲ ಬಂತು. ಡಿಸ್ಟಿಂಕ್ಟ್ ಹಾಕಿದರೆ ಆ ಡಬಲ್ ಹೋಗುತ್ತದೆ, ಆದರೆ ಚಿತ್ರಾನ್ನ ಅಲ್ಲೇ ಉಳಿಯುತ್ತದೆ. ಇನ್ನು ‘ಅಂಡ್’: ಒಂದೇ ಸಾಲಿನಲ್ಲಿ ಹೆಸರು ಅಕ್ಕಿಯೂ ಆಗಿರಬೇಕು, ತೊಗರಿಬೇಳೆಯೂ ಆಗಿರಬೇಕು ಅಂದರೆ ಹೇಗೆ ಸಾಧ್ಯ? ಅದಕ್ಕೇ ಸೊನ್ನೆ.

ಪರಿಹಾರ ಸುಲಭ. ಫಿಲ್ಟರ್ ಅನ್ನು ಎರಡು ಸಲ ಕರೆಯಿರಿ:

ಫಿಲ್ಟರ್(ಸಾಮಗ್ರಿ__ಹೆಸರು='ಅಕ್ಕಿ').ಫಿಲ್ಟರ್(ಸಾಮಗ್ರಿ__ಹೆಸರು='ತೊಗರಿಬೇಳೆ')

ಮೆನಿ-ಟು-ಮೆನಿ ಸಂಬಂಧದಲ್ಲಿ ಪ್ರತಿ ಫಿಲ್ಟರ್ ಕರೆಗೂ ಜ್ಯಾಂಗೊ ಹೊಸದಾಗಿ ಜಾಯಿನ್ ಮಾಡುತ್ತದೆ, ಅಂದರೆ ಟೇಬಲ್‌ಗಳನ್ನು ಮತ್ತೊಮ್ಮೆ ಜೋಡಿಸುತ್ತದೆ. ಮೊದಲನೆಯದು ಅಕ್ಕಿಯ ಸಾಲು ಹುಡುಕುತ್ತದೆ, ಎರಡನೆಯದು ಅದೇ ಅಡುಗೆಗೆ ಬೇಳೆಯ ಇನ್ನೊಂದು ಸಾಲು ಇದೆಯಾ ಅಂತ ನೋಡುತ್ತದೆ. ಬಿಸಿಬೇಳೆಬಾತ್ ಒಂದೇ ಉಳಿಯುತ್ತದೆ, ಅದೂ ಒಂದೇ ಸಲ. ಅನುಮಾನ ಇದ್ದರೆ ಫಿಲ್ಟರ್ ಕೊಡುವ ಕ್ವೆರಿಸೆಟ್‌ನ ‘ಕ್ವೆರಿ’ಯನ್ನು (ಡೇಟಾಬೇಸ್‌ಗೆ ಹೋಗುವ ಪ್ರಶ್ನೆ) ಪ್ರಿಂಟ್ ಮಾಡಿ ನೋಡಿ, ಎರಡು ಜೊತೆ ಜಾಯಿನ್ ಕಾಣುತ್ತದೆ. ಬಳಕೆದಾರರು ಏಳೆಂಟು ಸಾಮಗ್ರಿ ಆರಿಸುವ ಹಾಗಿದ್ದರೆ ಜಾಯಿನ್ ಜಾಸ್ತಿಯಾಗುತ್ತದೆ. ಆಗ ‘ಇನ್’ ಫಿಲ್ಟರ್ ಆದ ಮೇಲೆ ಆನೊಟೇಟ್ ಮಾಡಿ, ಅಂದರೆ ಪ್ರತಿ ಅಡುಗೆಗೂ ಒಂದು ಲೆಕ್ಕ ಸೇರಿಸಿ, ಸಾಮಗ್ರಿಗಳನ್ನು ಎಣಿಸಿ. ಎಣಿಕೆ, ಆರಿಸಿದ ಸಂಖ್ಯೆಗೆ ಸಮ ಇರುವ ಅಡುಗೆಗಳನ್ನು ಮಾತ್ರ ಉಳಿಸಿಕೊಳ್ಳಿ.

ಇಷ್ಟು ಓದಿ ಎಲ್ಲ ಕಡೆಯೂ ಫಿಲ್ಟರ್‌ಗಳನ್ನು ಬಿಡಿಬಿಡಿಯಾಗಿ ಬರೆಯಲು ಹೋಗಬೇಡಿ. ನಾಳೆ ನೀವು ನಡುವಿನ ಟೇಬಲ್‌ಗೆ ನಿಮ್ಮದೇ ‘ಥ್ರೂ’ ಮಾಡೆಲ್ ಮಾಡಿ ಅಳತೆಯನ್ನೂ ಸೇರಿಸುತ್ತೀರಿ ಅಂದುಕೊಳ್ಳೋಣ. ಎರಡು ಕಪ್‌ಗಿಂತ ಜಾಸ್ತಿ ಅಕ್ಕಿ ಬೇಕಾಗುವ ಅಡುಗೆ ಹುಡುಕಬೇಕು. ಇಲ್ಲಿ ಹೆಸರು, ಅಳತೆ ಎರಡೂ ಒಂದೇ ಸಾಲಿಗೆ ಸೇರಿದವು, ಅಲ್ವಾ? ಹಾಗಾಗಿ ಎರಡೂ ಷರತ್ತು ಒಂದೇ ಫಿಲ್ಟರ್ ಒಳಗೆ ಇರಲೇಬೇಕು. ಬೇರೆ ಮಾಡಿದರೆ ಒಂದು ಕಪ್ ಅಕ್ಕಿ, ಮೂರು ಕಪ್ ನೀರು ಹಾಕುವ ಅಡುಗೆಯೂ ಪಾಸಾಗುತ್ತದೆ. ಮೊದಲ ಷರತ್ತಿಗೆ ಅಕ್ಕಿಯ ಸಾಲು ಸಿಕ್ಕಿತು, ಎರಡನೆಯದಕ್ಕೆ ನೀರಿನ ಸಾಲು. ಎರರ್ ಏನೂ ಬರುವುದಿಲ್ಲ, ಪುಟ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಇಂಥ ಕ್ವೆರಿಗೆ ನಾಲ್ಕೈದು ಸಾಲಿನ ಡೇಟಾ ಇಟ್ಟು ಒಂದು ಟೆಸ್ಟ್ ಬರೆದಿಡಿ.

ಷರತ್ತಿಗೆ ಹೊಂದುವುದನ್ನು ಬಿಟ್ಟುಬಿಡುವ ಎಕ್ಸ್‌ಕ್ಲೂಡ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ಎಡವುವುದು ಅಲ್ಲೇ. ಈರುಳ್ಳಿ ಇರುವ ಅಡುಗೆ ಬೇಡ ಅಂತ ಒಂದೇ ಷರತ್ತು ಕೊಟ್ಟರೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ‘ಒಂದು ಕಪ್‌ಗಿಂತ ಜಾಸ್ತಿ ಈರುಳ್ಳಿ’ ಅಂತ ಎರಡು ಷರತ್ತು ಕೊಟ್ಟರೆ, ಒಂದೇ ಎಕ್ಸ್‌ಕ್ಲೂಡ್ ಒಳಗಿದ್ದರೂ ಅವು ಒಂದೇ ಸಾಲಿಗೆ ಕಟ್ಟುಬೀಳುವುದಿಲ್ಲ. ಫಿಲ್ಟರ್‌ಗಿಂತ ಇದರ ನಡವಳಿಕೆ ಬೇರೆ. ಅರ್ಧ ಕಪ್ ಈರುಳ್ಳಿ, ಮೂರು ಕಪ್ ನೀರು ಇರುವ ಅಡುಗೆಯೂ ಸುಮ್ನೆ ಹೊರಗೆ ಹೋಗುತ್ತದೆ. ಇದಕ್ಕೆ ಮೊದಲು ಥ್ರೂ ಮಾಡೆಲ್ ಮೇಲೆ ಎರಡೂ ಷರತ್ತಿನ ಫಿಲ್ಟರ್ ಹಾಕಿ ಆ ಸಾಲುಗಳನ್ನು ಹಿಡಿಯಿರಿ. ಆಮೇಲೆ ಅದನ್ನೇ ‘ಇನ್’ ಮೂಲಕ ಎಕ್ಸ್‌ಕ್ಲೂಡ್‌ಗೆ ಕೊಡಿ. ಜ್ಯಾಂಗೊ 3.0 ಅಥವಾ ನಂತರದ್ದಾದರೆ ‘ಎಕ್ಸಿಸ್ಟ್ಸ್’ (ಅಂಥ ಸಾಲು ಇದೆಯಾ ಅನ್ನುವ ಪರೀಕ್ಷೆ) ಅನ್ನು ಮುಂದೆ ~ ಹಾಕಿ ತಿರುಗಿಸಿ ನೇರವಾಗಿ ಫಿಲ್ಟರ್ ಒಳಗೇ ಹಾಕಬಹುದು. ಓದಲು ಅದೇ ಸ್ಪಷ್ಟ, ನಾನಂತೂ ಅದನ್ನೇ ಬಳಸುತ್ತೇನೆ.