ಪಕ್ಕದ ಮನೆಯ ಗ್ರೀಕ್ ಅಜ್ಜಿ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ನ ಓಕ್‌ಲೀಗೆ ಬಂದಿದ್ದೇನೆ. ಪಕ್ಕದ ಮನೆಯ ಗ್ರೀಕ್ ಅಜ್ಜಿ ಯುದ್ಧದ ನಂತರ ಹಡಗಿನಲ್ಲಿ ಬಂದವರಂತೆ. ಇಷ್ಟೊಂದು ಗ್ರೀಕರು ಇಲ್ಲಿಗೇಕೆ ಬಂದರು? ಎಲ್ಲರೂ ಹೋಟೆಲ್ ನಡೆಸಿಯೇ ಮೇಲೆ ಬಂದರೇ?
– ಓದುಗರು, ಸಾಗರ

ಉತ್ತರ: 1980ರ ದಶಕದಲ್ಲಿ ಇದೇ ಊರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ನಾನು ಗ್ರೀಕ್ ಹೆಂಗಸರ ಪಕ್ಕದಲ್ಲಿ ಕುಳಿತು ಹೊಲಿದಿದ್ದೇನೆ. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ. ಬೀದಿಗೆ ಮುಖ ಮಾಡಿದ ಮೀನಿನ ಅಂಗಡಿ, ಮಿಲ್ಕ್ ಬಾರ್ ಎನ್ನುವ ಬೀದಿಬದಿಯ ಸಣ್ಣ ದಿನಸಿ ಅಂಗಡಿಗಳು ಎಲ್ಲರ ಕಣ್ಣಿಗೆ ಬಿದ್ದವು. ಹಿಂದಿನ ಕೋಣೆಯ ಹೊಲಿಗೆ ಯಂತ್ರ ಯಾರಿಗೂ ಕಾಣಿಸಲಿಲ್ಲ.

ಗಂಡಸರು ಕಾರು ಕಾರ್ಖಾನೆಯ ಪಾಳಿಗೆ ಹೋದರೆ ಹೆಂಗಸರು ಹೊಲಿಗೆಗೆ ಕುಳಿತರು. ಮಕ್ಕಳು ಚಿಕ್ಕವರಿದ್ದಾಗ ಗುತ್ತಿಗೆದಾರ ಕತ್ತರಿಸಿದ ಬಟ್ಟೆಯ ಗಂಟನ್ನು ಮನೆಗೇ ತಂದು ಹಾಕುತ್ತಿದ್ದ. ಕೂಲಿ ತುಂಡಿನ ಲೆಕ್ಕದಲ್ಲಿ. ರಜೆಯಿಲ್ಲ, ಕಾಯಿಲೆ ಬಿದ್ದರೆ ಸಂಬಳವಿಲ್ಲ. ಶಾಲೆಯಿಂದ ಬಂದ ಮಕ್ಕಳು ದಾರದ ತುದಿ ಕತ್ತರಿಸಿ, ಕಾಲರ್ ಮಗುಚಿ ಕೊಡಬೇಕಿತ್ತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ತಾಯಿಗೆ ಇಂಗ್ಲಿಷಿನ ಬಾಯಿಯೂ ಅವರೇ. ನನ್ನ ಪಕ್ಕದ ಓವರ್‌ಲಾಕ್ ಯಂತ್ರದಲ್ಲಿದ್ದಾಕೆ, ವೈದ್ಯರು ಹೇಳಿದ ಕೆಟ್ಟ ಸುದ್ದಿಯನ್ನು ಹತ್ತು ವರ್ಷದ ಮಗನ ಬಾಯಿಂದ ಕೇಳಿದ್ದನ್ನು ಹೇಳುವಾಗಲೆಲ್ಲ ಯಂತ್ರ ನಿಲ್ಲಿಸಿಬಿಡುತ್ತಿದ್ದಳು. ಆ ಮನೆಗಳ ಸಾಲ ತೀರಿದ್ದು ಈ ಹೊಲಿಗೆಯ ಹಣವೂ ಸೇರಿ ಎಂಬುದನ್ನು ಅವರ ಯಶಸ್ಸಿನ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಅದು ನನಗೆ ಇಂದಿಗೂ ಸಹಿಸದ ಅನ್ಯಾಯ.

ಇನ್ನು, ಬಂದದ್ದೇಕೆ? 1941ರಲ್ಲಿ ಜರ್ಮನ್ ಸೇನೆ ಗ್ರೀಸನ್ನು ಆಕ್ರಮಿಸಿಕೊಂಡಿತು. ಆ ಚಳಿಗಾಲದಲ್ಲೇ ಅಥೆನ್ಸ್‌ನ ಬೀದಿಗಳಲ್ಲಿ ಜನ ಹಸಿವಿನಿಂದ ಸತ್ತರು. ಜರ್ಮನ್ನರು ಹೋದ ಮೇಲೆ ಅಂತರ್ಯುದ್ಧ. ಅದು ಮುಗಿದದ್ದು 1949ರಲ್ಲಿ. ಹಳ್ಳಿಗಳು ಸುಟ್ಟಿದ್ದವು, ಕೆಲಸವಿರಲಿಲ್ಲ. ಮೇಲಾಗಿ ಅಲ್ಲಿಯೂ ವರದಕ್ಷಿಣೆಯಿತ್ತು. ಕಾನೂನು ಅದನ್ನು ತೆಗೆದದ್ದು 1983ರಲ್ಲಿ. ತಂಗಿಯರ ಮದುವೆಗೆ ಹಣ ಕೂಡಿಸಲೆಂದೇ ಹಡಗು ಹತ್ತಿದ ಅಣ್ಣಂದಿರು ಎಷ್ಟೋ ಮಂದಿ. ಇತ್ತ ಆಸ್ಟ್ರೇಲಿಯಾಕ್ಕೆ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು. 1952ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಪ್ರಯಾಣಕ್ಕೆ ನೆರವು ಸಿಕ್ಕಿತು. ಬದಲಿಗೆ ಎರಡು ವರ್ಷ ಸರ್ಕಾರ ತೋರಿಸಿದ ಕಡೆ ದುಡಿಯಬೇಕಿತ್ತು. ಹಲವರು ಮೊದಲು ಇಳಿದುಕೊಂಡದ್ದು ಬೊನೆಗಿಲ್ಲಾ ಎಂಬ ವಲಸಿಗರ ಶಿಬಿರದ ತಗಡಿನ ಕೊಟ್ಟಿಗೆಯಂಥ ಮನೆಗಳಲ್ಲಿ. 1947ರಲ್ಲಿ ಈ ದೇಶದಲ್ಲಿ ಗ್ರೀಸ್‌ನಲ್ಲಿ ಹುಟ್ಟಿದವರು ಸುಮಾರು 12 ಸಾವಿರವಿದ್ದರು. 1971ರ ಹೊತ್ತಿಗೆ 1.6 ಲಕ್ಷ.

ಒಂಟಿಯಾಗಿ ಬಂದ ಹುಡುಗಿಯರನ್ನೂ ಮರೆಯಬಾರದು. 1957ರಲ್ಲಿ ಬೆಗೋನಾ ಎಂಬ ಒಂದೇ ಹಡಗಿನಲ್ಲಿ ಸುಮಾರು 900 ಯುವತಿಯರು ಬಂದರು. ಕೆಲವರ ಕೈಯಲ್ಲಿ ಇದ್ದದ್ದು ಭಾವೀ ಪತಿಯ ಒಂದು ಫೋಟೊ ಮಾತ್ರ.

ನಿಮಗೆ ಅಜ್ಜಿಯೊಡನೆ ಮಾತನಾಡುವ ಆಸೆಯಿದ್ದರೆ ಯುದ್ಧದಿಂದ ಆರಂಭಿಸಬೇಡಿ. ಅಂತರ್ಯುದ್ಧ ಒಂದೇ ಮನೆಯವರನ್ನು ಎದುರುಬದುರು ನಿಲ್ಲಿಸಿತ್ತು, ಆ ಗಾಯ ಆಳವಾದದ್ದು. ಯಾವ ಹಡಗಿನಲ್ಲಿ ಬಂದಿರಿ, ಮೊದಲ ಕೆಲಸ ಎಲ್ಲಿ ಎಂದು ಕೇಳಿ. ಭಾಷೆ ತೊಡಕಾದರೆ ಮಗಳನ್ನು ಕರೆದುಕೊಳ್ಳಿ. ಬಾಣಂತಿಯ ಮನೆಯೆಂದು ತಿಳಿದರೆ ಅವರು ಬರಿಗೈಯಲ್ಲಿ ಬರುವುದಿಲ್ಲ. ನೀವೂ ಒಂದಿಷ್ಟು ಅಂಟಿನುಂಡೆ ಕಟ್ಟಿ ಇಟ್ಟುಕೊಂಡಿರಿ.